ನನ್ನ ಲ್ಯಾಪ್‌ಟಾಪಲ್ಲಿ ಓಡ್ತದೆ, ತಮ್ಮಂದ್ರಲ್ಲಿ ಓಡೂದಿಲ್ಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಡಾಕರ್ ಬಗ್ಗೇನೇ, ಅಂದ್ರೆ ಒಂದು ಆ್ಯಪನ್ನ ಅದಕ್ಕೆ ಬೇಕಾದ್ದರ ಸಮೇತ ಕಟ್ಟಿ ಬೇರೆಬೇರೆ ಕಂಪ್ಯೂಟರಲ್ಲಿ ಒಂದೇ ತರ ಓಡಿಸೂ ಟೂಲ್. ಹಾಗಾಗಿ ಬೇರೆದ್ದನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು ಇದೊಂದನ್ನೇ ತಗೊಂಡಿದ್ದೇನೆ.

ಪ್ರಶ್ನೆ: ಸರ್, ನಾವು ಮೂರು ಜನ ಸೇರಿ ನಮ್ಮ ಕಡೆ ಅಡಿಕೆ ಬೆಳೆಗಾರರಿಗೆ ಒಂದು ವೆಬ್ ಆ್ಯಪ್ ಮಾಡ್ತಾ ಇದ್ದೇವೆ. ಯಾರ ಮನೆಯಿಂದ ಎಷ್ಟು ಚಾಲಿ ಹೋಯ್ತು, ಎಷ್ಟು ರಾಶಿ ಹೋಯ್ತು, ಯಾವ ದಿನ ಯಾವ ದರಕ್ಕೆ ಹೋಯ್ತು ಅಂತ ಬರೆದಿಡೂದು, ಅಷ್ಟೇ. ಪೈಥಾನಲ್ಲಿ ವೆಬ್ ಆ್ಯಪ್ ಕಟ್ಟೂ ಜ್ಯಾಂಗೊ, ಡೇಟಾಬೇಸಿಗೆ ಪೋಸ್ಟ್‌ಗ್ರೆಸ್, ಮೆಮೊರಿಯಲ್ಲೇ ಡೇಟಾ ಇಟ್ಕೊಳ್ಳೂ ರೆಡಿಸ್ ಬಳಸಿದ್ದೇವೆ. ನಂದು ವಿಂಡೋಸ್, ತಮ್ಮಂದು ಉಬುಂಟು, ಭಾವ ಬೆಂಗಳೂರಲ್ಲಿದ್ದಾರೆ, ಅವರದ್ದು ಮ್ಯಾಕ್. ಒಬ್ಬರದ್ರಲ್ಲಿ ಓಡಿದ್ದು ಇನ್ನೊಬ್ಬರದ್ರಲ್ಲಿ ಓಡೂದಿಲ್ಲ. ಎರಡು ಭಾನುವಾರ ಪೂರ್ತಿ ಇನ್‌ಸ್ಟಾಲ್ ಮಾಡೂದ್ರಲ್ಲೇ ಹೋಯ್ತು. ಡಾಕರ್ ಹಾಕಿ ಅಂತ ಎಲ್ರೂ ಹೇಳ್ತಾರೆ, ಎಲ್ಲಿಂದ ಶುರು ಮಾಡೂದು?
ಓದುಗರು, ಶಿರಸಿ

ಉತ್ತರ: ಆ ಎರಡು ಭಾನುವಾರಕ್ಕೆ ಬೇಜಾರು ಮಾಡ್ಕೋಬೇಡಿ, ನಿಮಗೆ ಕೆಲಸ ಬರೂದಿಲ್ಲ ಅಂತ ಹಾಗಾಗಿದ್ದಲ್ಲ. ನೀವು ಬರೆದ ಕೋಡ್ ಮೂರೂ ಕಡೆ ಒಂದೇ ಅದೆ, ಆದ್ರೆ ಕೋಡಿನ ಕೆಳಗೆ ಇರೂದು ಮೂರೂ ಕಡೆ ಬೇರೆಬೇರೆ. ತಮ್ಮನ ಉಬುಂಟು 22.04 ಆಗಿದ್ರೆ ಅದು ತನ್ನ ಜತೆಗೇ ಪೈಥಾನ್ 3.10 ತಂದಿರ್ತದೆ, ನೀವು ಇಳಿಸ್ಕೊಂಡಿದ್ದು 3.12 ಇರ್ಬಹುದು, ಭಾವ ಹಾಕಿದ ಪೋಸ್ಟ್‌ಗ್ರೆಸ್ಸೇ ಬೇರೆ ವರ್ಷನ್ ಇರ್ಬಹುದು. ಇನ್ನು ಪೈಥಾನಿಂದ ಪೋಸ್ಟ್‌ಗ್ರೆಸ್ ಹತ್ರ ಮಾತಾಡೂ ಸೈಕೋಪಿಜಿ ಲೈಬ್ರರಿ ಅದ್ಯಲ್ಲ, ಅದನ್ನ ಸೋರ್ಸಿಂದ ಕಟ್ಟೂಕೆ ಹೋದ್ರೆ ಕಂಪೈಲರ್ ಬೇಕು, ಪೋಸ್ಟ್‌ಗ್ರೆಸ್ಸಿನ ಹೆಡರ್ ಫೈಲ್ ಬೇಕು, ಒಂದಿಲ್ಲ ಅಂದ್ರೂ ಪುಟಗಟ್ಲೆ ಎರರ್ ಕಾರ್ತದೆ. ಇದೆಲ್ಲ ಎಲ್ಲೂ ಬರೆದಿಟ್ಟಿರೂದಿಲ್ಲ, ಯಾರು ಯಾವಾಗ ಏನು ಹಾಕಿದ್ರು ಅನ್ನೂದು ಅವರವರ ನೆನಪಲ್ಲಿ ಮಾತ್ರ ಇರ್ತದೆ, ತೊಂದರೆ ಅಲ್ಲೇ.

ಡೇರೆ ಮೇಳದ ಯಕ್ಷಗಾನ ಆಟ ನೋಡಿದ್ದೀರಲ್ಲ. ರಂಗಸ್ಥಳ, ಲೈಟು, ಮೈಕು, ಕುರ್ಚಿ, ವೇಷದ ಪೆಟ್ಟಿಗೆ, ಚೌಕಿಗೆ ಬೇಕಾದ್ದು, ಎಲ್ಲಾ ಲಾರಿಗೆ ಹಾಕ್ಕೊಂಡೇ ಬರ್ತಾರೆ, ಊರವರ ಹತ್ರ ಕೇಳೂದು ಒಂದು ಬಯಲು ಮಾತ್ರ. ಇವತ್ತು ಕುಮಟಾ, ನಾಳೆ ಸಿದ್ದಾಪುರ, ಆಟ ಅದೇ. ಡಾಕರ್ ಎಬ್ಬಿಸೂ ಕಂಟೇನರ್ ಕೂಡ ಹೀಗೇ, ಆ್ಯಪಿಗೆ ಬೇಕಾದ ಪೈಥಾನ್, ಲೈಬ್ರರಿ, ಚಿಕ್ಕಪುಟ್ಟ ಫೈಲು ಎಲ್ಲಾ ಅದರೊಳಗೇ ಇರ್ತದೆ, ಹೊರಗಿಂದ ತಗೊಳ್ಳೂದು ಲಿನಕ್ಸ್ ಕರ್ನಲ್, ಅಂದ್ರೆ ಲಿನಕ್ಸಿನ ತಿರುಳು, ಅನ್ನೂ ಬಯಲು ಒಂದೇ. ಕಂಪ್ಯೂಟರ್ ಒಳಗೇ ಇನ್ನೊಂದು ಪೂರ್ತಿ ಕಂಪ್ಯೂಟರಿನ ಹಾಗೆ ಓಡೂ ವರ್ಚುವಲ್ ಮಷೀನ್ ಆದ್ರೆ ಬಯಲನ್ನೂ ಹೊತ್ಕೊಂಡು ಬರ್ತದೆ, ಅದಕ್ಕೇ ಅದು ಅಷ್ಟು ಭಾರ. ತಮ್ಮನ ಉಬುಂಟುವಲ್ಲಿ ಆ ಬಯಲು ಮೊದ್ಲೇ ಅದೆ. ನಿಮ್ಮ ವಿಂಡೋಸಲ್ಲಿ, ಭಾವನ ಮ್ಯಾಕಲ್ಲಿ ಅದಿಲ್ಲ, ಹಾಗಾಗಿ ಡಾಕರ್ ಡೆಸ್ಕ್‌ಟಾಪ್ ಹಿಂದ್ಗಡೆ ಒಂದು ಸಣ್ಣ ಲಿನಕ್ಸ್ ಮಷೀನ್ ಎಬ್ಬಿಸಿ ಅದರಲ್ಲಿ ಡೇರೆ ಹಾಕ್ತದೆ.

ಇದು ಒಂದೇ ದಿನಕ್ಕೆ ಹುಟ್ಟಿದ್ದಲ್ಲ. ಒಂದು ಪ್ರೋಗ್ರಾಮಿಗೆ ಇಷ್ಟೇ ಫೋಲ್ಡರ್ ಕಾಣ್ಲಿ ಅಂತ ಕಟ್ಟಿಹಾಕೂ ಸಿಎಚ್‌ರೂಟ್ ಯುನಿಕ್ಸಿಗೆ ಬಂದಿದ್ದು 1979ರಲ್ಲಿ, ಇಷ್ಟೇ ಮೆಮೊರಿ ಇಷ್ಟೇ ಸಿಪಿಯು ತಗೋ ಅಂತ ಮಿತಿ ಹಾಕೂ ಸಿಗ್ರೂಪ್ ಲಿನಕ್ಸ್ ಕರ್ನಲಿಗೆ ಸೇರಿದ್ದು 2008ರಲ್ಲಿ. ಇವನ್ನೆಲ್ಲ ಸಾಮಾನ್ಯರೂ ಬಳಸೂ ಹಾಗೆ ಒಟ್ಟು ಮಾಡಿ ಸಾಲೊಮನ್ ಹೈಕ್ಸ್ ಅನ್ನೂವರು ಡಾಕರ್ ಅಂತ ತೋರಿಸಿದ್ದು 2013ರ ಮಾರ್ಚಲ್ಲಿ, ಪೈಥಾನಿನವರ ಸಮ್ಮೇಳನದಲ್ಲಿ.

ಈಗ ಕೆಲಸಕ್ಕೆ ಬರೋಣ. ವಿಂಡೋಸಲ್ಲಿ ಮೊದ್ಲು ಡಬ್ಲ್ಯುಎಸ್‌ಎಲ್ 2 ಹಾಕ್ಕೊಳ್ಳಿ, ಅದು ವಿಂಡೋಸ್ ಒಳಗೇ ಲಿನಕ್ಸ್ ಓಡಿಸೂ ವ್ಯವಸ್ಥೆ, ಆಮೇಲೆ ಡಾಕರ್ ಡೆಸ್ಕ್‌ಟಾಪ್. ಉಬುಂಟುವಲ್ಲಿ ಡೆಸ್ಕ್‌ಟಾಪ್ ಬೇಡ, ಡಾಕರ್ ಎಂಜಿನ್ ಮತ್ತೆ ಕಂಪೋಸ್ ಪ್ಲಗಿನ್ ಸಾಕು. ಪ್ರಾಜೆಕ್ಟ್ ಫೋಲ್ಡರಲ್ಲಿ ಎರಡು ಫೈಲ್ ಮಾಡ್ಬೇಕು. ಒಂದು ಡಾಕರ್‌ಫೈಲ್, ಅದು ನಿಮ್ಮ ಆ್ಯಪಿನ ಪೆಟ್ಟಿಗೆ ಕಟ್ಟೂದು ಹೇಗೆ ಅಂತ ಹೇಳೂದು. ಇನ್ನೊಂದು ಕಂಪೋಸ್ ಡಾಟ್ ಯಾಮಲ್, ಅದು ಆ್ಯಪು, ಪೋಸ್ಟ್‌ಗ್ರೆಸ್, ರೆಡಿಸ್ ಮೂರನ್ನೂ ಒಟ್ಟಿಗೆ ಎಬ್ಬಿಸೂದು.

ಡಾಕರ್‌ಫೈಲಲ್ಲಿ ಸಾಲುಗಳ ಕ್ರಮ ಬಹಳ ಮುಖ್ಯ, ಇಲ್ಲಿ ಸ್ವಲ್ಪ ನಿಧಾನ ಓದಿ. ಮೊದಲ ಸಾಲಲ್ಲಿ ಪೈಥಾನ್ 3.12 ಸ್ಲಿಮ್ ಇಮೇಜಿಂದ ಶುರು ಮಾಡಿ, ಇಮೇಜ್ ಅಂದ್ರೆ ಕಂಟೇನರ್ ಎಬ್ಬಿಸೂಕೆ ಮೊದ್ಲೇ ಕಟ್ಟಿಟ್ಟ ಪೆಟ್ಟಿಗೆ. ಆಮೇಲೆ ಬೇಕಾದ ಲೈಬ್ರರಿಗಳ ಪಟ್ಟಿ ಇರೂ ರಿಕ್ವೈರ್‌ಮೆಂಟ್ಸ್ ಫೈಲ್ ಒಂದನ್ನೇ ಒಳಗೆ ಕಾಪಿ ಮಾಡಿ, ಅವನ್ನ ಇಳಿಸಿ ಹಾಕೂ ಪಿಪ್ ಇನ್‌ಸ್ಟಾಲ್ ಓಡಿಸಿ, ಅದಾದ ಮೇಲೆ ಉಳಿದ ಕೋಡ್ ಕಾಪಿ ಮಾಡಿ. ಯಾಕಂದ್ರೆ ಡಾಕರ್ ಒಂದೊಂದು ಸಾಲನ್ನೂ ಒಂದೊಂದು ಪದರವಾಗಿ ಇಟ್ಕೊಳ್ತದೆ, ಒಂದು ಪದರ ಬದಲಾದ್ರೆ ಅದರ ನಂತರದ ಎಲ್ಲಾ ಪದರ ಹೊಸದಾಗಿ ಕಟ್ಟಬೇಕು. ಮೊದ್ಲೇ ಎಲ್ಲಾ ಕೋಡ್ ಕಾಪಿ ಮಾಡಿದ್ರೆ ನೀವು ಒಂದು ಅಕ್ಷರ ತಿದ್ದಿ ಬಿಲ್ಡ್ ಕೊಟ್ರೂ ಪೂರ್ತಿ ಪಿಪ್ ಇನ್‌ಸ್ಟಾಲ್ ಮತ್ತೆ ಓಡ್ತದೆ, ನಮ್ಮ ಕಡೆ ನೆಟ್ಟಲ್ಲಿ ಅದು ಒಂದು ಚಾ ಕುಡಿದು ಬಂದ್ರೂ ಮುಗಿಯೂದಿಲ್ಲ. ಸೈಕೋಪಿಜಿ ಬೈನರಿ ಪ್ಯಾಕೇಜನ್ನೇ ಹಾಕಿ, ಸ್ಲಿಮ್ ಇಮೇಜಲ್ಲಿ ಕಂಪೈಲರ್ ಇರೂದಿಲ್ಲ. ಕೊನೆ ಸಾಲಲ್ಲಿ ರನ್‌ಸರ್ವರ್ ಕೊಡೂವಾಗ 0.0.0.0:8000 ಅಂತ ಬರೀರಿ. ಬರೀ ರನ್‌ಸರ್ವರ್ ಅಂದ್ರೆ ಜ್ಯಾಂಗೊ 127.0.0.1ರಲ್ಲಿ ಕೂರ್ತದೆ, ಅಂದ್ರೆ ಕಂಟೇನರ್ ಒಳಗಿನವರಿಗೆ ಮಾತ್ರ ಬಾಗಿಲು ತೆಗೀತದೆ, ನೀವು ಹೊರಗಿಂದ ಬ್ರೌಸರಲ್ಲಿ ಎಷ್ಟು ತಟ್ಟಿದ್ರೂ ತೆರೆಯೂದಿಲ್ಲ.

ಕಂಪೋಸ್ ಫೈಲಲ್ಲಿ ಮೂರು ಸರ್ವಿಸ್ ಬರೀರಿ, ವೆಬ್, ಡಿಬಿ, ರೆಡಿಸ್ ಅಂತ. ಹಳೇ ಪಾಠಗಳಲ್ಲಿ ಮೇಲ್ಗಡೆ ವರ್ಷನ್ ಅಂತ ಒಂದು ಸಾಲು ಇರ್ತದೆ, ಅದು ಈಗ ಬೇಡ. ಅಡ್ಡಗೆರೆ ಹಾಕಿ ಡಾಕರ್-ಕಂಪೋಸ್ ಅಂತ ಟೈಪ್ ಮಾಡೂದೂ ಹಳೇದು, ಆ ಒಂದನೇ ವರ್ಷನ್ 2023ಕ್ಕೇ ನಿಂತಿದೆ, ಈಗ ನಡುವೆ ಜಾಗ ಬಿಟ್ಟು ಡಾಕರ್ ಕಂಪೋಸ್. ಯಾಮಲಲ್ಲಿ ಟ್ಯಾಬ್ ಒತ್ತಬೇಡಿ, ಸ್ಪೇಸೇ ಹಾಕಿ. ವೆಬ್ ಸರ್ವಿಸಿಗೆ ನಿಮ್ಮ ಪ್ರಾಜೆಕ್ಟ್ ಫೋಲ್ಡರನ್ನ ಬೈಂಡ್ ಮೌಂಟ್ ಮಾಡಿ, ಆಗ ನೀವು ಎಡಿಟರಲ್ಲಿ ತಿದ್ದಿದ್ದು ಆ ಕೂಡ್ಲೇ ಕಂಟೇನರ್ ಒಳಗೂ ಕಾಣ್ತದೆ, ಪ್ರತಿಸಲ ಬಿಲ್ಡ್ ಬೇಡ. ಪೋಸ್ಟ್‌ಗ್ರೆಸ್ಸಿಗೆ ಲೇಟೆಸ್ಟ್ ಅಂತ ಟ್ಯಾಗ್ ಹಾಕ್ಬೇಡಿ, 16 ಅಂದ್ರೆ 16 ಅಂತಲೇ ಬರೀರಿ. ಇವತ್ತಿನ ಲೇಟೆಸ್ಟ್ ನಾಳಿನ ಲೇಟೆಸ್ಟ್ ಅಲ್ಲ, ಮತ್ತೆ ಪೋಸ್ಟ್‌ಗ್ರೆಸ್ಸಿನ ದೊಡ್ಡ ವರ್ಷನ್ ಬದಲಾದ್ರೆ ಹಳೇ ಡೇಟಾ ಫೋಲ್ಡರನ್ನ ಹೊಸದು ಓದೂದಿಲ್ಲ.

ಇನ್ನೊಂದು, ಎಲ್ರೂ ಎಡವೂ ಜಾಗ. ಡಿಪೆಂಡ್ಸ್ ಆನ್ ಡಿಬಿ ಅಂತ ಬರೆದ್ರೆ ಡಿಬಿ ಕಂಟೇನರ್ ಮೊದ್ಲು ಶುರುವಾಗ್ತದೆ ಅಷ್ಟೇ, ಪೋಸ್ಟ್‌ಗ್ರೆಸ್ ತಯಾರಾಗೂ ತನಕ ಯಾರೂ ಕಾಯೂದಿಲ್ಲ, ಹಾಗಾಗಿ ಮೊದಲ ಸಲ ಜ್ಯಾಂಗೊ ಎದ್ದು ಡೇಟಾಬೇಸ್ ಇಲ್ಲ ಅಂತ ಬಿದ್ದುಹೋಗ್ತದೆ. ಡಿಬಿಗೆ ಒಂದು ಹೆಲ್ತ್‌ಚೆಕ್, ಅಂದ್ರೆ ತಯಾರಾಯ್ತಾ ಅಂತ ನೋಡೂ ಪರೀಕ್ಷೆ, ಬರೀರಿ, ಪಿಜಿ ಈಸ್‌ರೆಡಿ ಅನ್ನೂ ಕಮಾಂಡ್ ಆ ಇಮೇಜಲ್ಲೇ ಅದೆ, ಆಮೇಲೆ ಡಿಪೆಂಡ್ಸ್ ಆನಿಗೆ ಸರ್ವಿಸ್ ಹೆಲ್ದಿ ಅಂತ ಕಂಡೀಶನ್ ಹಾಕಿ.

ನೀವು ಮಾತ್ರ ವಿಂಡೋಸಲ್ಲಿ ಇರೂದ್ರಿಂದ ನಿಮಗೇ ಅಂತ ಎರಡು ಮಾತು. ಕೋಡನ್ನ ಸಿ ಡ್ರೈವಲ್ಲಿ ಇಡಬೇಡಿ, ಡಬ್ಲ್ಯುಎಸ್‌ಎಲ್ ಒಳಗಿನ ಲಿನಕ್ಸ್ ಹೋಮ್ ಫೋಲ್ಡರಲ್ಲಿ ಇಡಿ. ಸಿ ಡ್ರೈವಿಂದ ಲಿನಕ್ಸ್ ಓದೂದು ಬಹಳ ನಿಧಾನ, ಅಷ್ಟೇ ಅಲ್ಲ, ಫೈಲ್ ಬದಲಾಯ್ತು ಅನ್ನೂ ಸುದ್ದಿಯೇ ಆಚೆ ದಾಟೂದಿಲ್ಲ, ಫೈಲ್ ಬದಲಾವಣೆಯ ಸುದ್ದಿಗೆ ಕಾದು ಕೂರೂ ಟೂಲಾದ್ರೆ ಸೇವ್ ಮಾಡಿದ್ರೂ ಪೇಜ್ ರಿಲೋಡ್ ಆಗೂದಿಲ್ಲ. ಎರಡನೇದು, ಶೆಲ್ ಸ್ಕ್ರಿಪ್ಟ್ ಕಣ್ಣೆದುರೇ ಇದ್ರೂ ನೋ ಸಚ್ ಫೈಲ್ ಅಂತ ಎರರ್ ಬಂದ್ರೆ ಹೆದರಬೇಡಿ, ವಿಂಡೋಸ್ ಸಾಲಿನ ಕೊನೆಗೆ ಹಾಕೂ ಒಂದು ಹೆಚ್ಚಿನ ಗುರುತು ಅದಕ್ಕೆ ಕಾರಣ. ಗಿಟ್ ಆಟ್ರಿಬ್ಯೂಟ್ಸ್ ಫೈಲಲ್ಲಿ ಶೆಲ್ ಫೈಲಿಗೆಲ್ಲ ಎಲ್ಎಫ್, ಅಂದ್ರೆ ಲಿನಕ್ಸ್ ಸಾಲಿನ ಕೊನೆಗೆ ಹಾಕೂ ಗುರುತು, ಅಂತ ಬರೆದು ಕಮಿಟ್ ಮಾಡಿ, ನಿಮ್ಮ ಕಾಪಿಯಲ್ಲಿ ಈಗಾಗ್ಲೇ ಇರೂ ಫೈಲನ್ನ ಎಡಿಟರಲ್ಲಿ ಎಲ್ಎಫ್ ಮಾಡಿ ಸೇವ್ ಮಾಡಿ, ಮುಂದೆ ಮೂವರಿಗೂ ಆ ತೊಂದರೆ ಬರೂದಿಲ್ಲ.

ಡಾಕರ್‌ಫೈಲ್, ಕಂಪೋಸ್ ಫೈಲ್ ಎರಡನ್ನೂ ಗಿಟ್ಟಿಗೆ ಹಾಕಿ, ಪಾಸ್‌ವರ್ಡ್ ಇರೂ ಎನ್ವ್ ಫೈಲನ್ನ ಮಾತ್ರ ಹಾಕ್ಬೇಡಿ, ಬದಲಿಗೆ ಖಾಲಿ ಮಾದರಿ ಒಂದು ಇಡಿ. ಆಮೇಲೆ ಭಾವ ಮಾಡ್ಬೇಕಾದ್ದು ಇಷ್ಟೇ: ಕ್ಲೋನ್ ಮಾಡೂದು, ಆ ಮಾದರಿಯನ್ನ ತುಂಬಿಸೂದು, ಡಾಕರ್ ಕಂಪೋಸ್ ಅಪ್.

ಪ್ರಶ್ನೆ: ಕಂಟೇನರ್ ಎಲ್ಲಾ ಓಡ್ತಾ ಇದೆ ಅಂತ ತೋರಿಸ್ತದೆ, ಆದ್ರೆ ಆ್ಯಪ್ ಮಾತ್ರ ಡೇಟಾಬೇಸಿಗೆ ಕನೆಕ್ಷನ್ ರೆಫ್ಯೂಸ್ಡ್ ಅಂತದೆ. ಸೆಟ್ಟಿಂಗಲ್ಲಿ ಲೋಕಲ್‌ಹೋಸ್ಟ್, 5432 ಸರಿಯಾಗೇ ಕೊಟ್ಟಿದ್ದೇನೆ. ಎರಡು ದಿನದಿಂದ ತಲೆ ಕೆಡ್ತಾ ಇದೆ.
ಇಂಜಿನಿಯರಿಂಗ್ ವಿದ್ಯಾರ್ಥಿನಿ, ಕಾರವಾರ

ಉತ್ತರ: ತಂಗಿ, ಆ ಲೋಕಲ್‌ಹೋಸ್ಟೇ ತೊಂದರೆ. ಒಂದೊಂದು ಕಂಟೇನರಿಗೂ ಅದರದ್ದೇ ನೆಟ್‌ವರ್ಕ್ ಇರ್ತದೆ, ವೆಬ್ ಕಂಟೇನರ್ ಒಳಗೆ ನಿಂತು ಲೋಕಲ್‌ಹೋಸ್ಟ್ ಅಂದ್ರೆ ವೆಬ್ ಕಂಟೇನರೇ ಹೊರತು ಪಕ್ಕದ ಪೋಸ್ಟ್‌ಗ್ರೆಸ್ ಅಲ್ಲ. ಕಂಪೋಸ್ ಒಂದು ಒಳ್ಳೆ ಕೆಲಸ ಮಾಡಿಟ್ಟಿರ್ತದೆ, ಸರ್ವಿಸಿನ ಹೆಸರೇ ಅಲ್ಲಿ ವಿಳಾಸ. ಕಂಪೋಸ್ ಫೈಲಲ್ಲಿ ಡಿಬಿ ಅಂತ ಹೆಸರಿದ್ರೆ ಹೋಸ್ಟ್ ಜಾಗದಲ್ಲಿ ಡಿಬಿ ಅಂತ ಬರಿ, ಪೋರ್ಟ್ 5432 ಹಾಗೇ ಇರ್ಲಿ.

ಪೋರ್ಟ್ಸ್ ಅಂತ ಕಂಪೋಸ್ ಫೈಲಲ್ಲಿ ಬರೆಯೂದು ನಿನ್ನ ಲ್ಯಾಪ್‌ಟಾಪಿಂದ ಒಳಗೆ ಹೋಗೂಕೆ ಮಾತ್ರ, ಕಂಟೇನರ್ ಕಂಟೇನರ್ ನಡುವಿನ ಮಾತಿಗೆ ಅದು ಬೇಡವೇ ಬೇಡ. ಎಡಗಡೆ ನಂಬರ್ ಲ್ಯಾಪ್‌ಟಾಪಿನದ್ದು, ಬಲಗಡೆದ್ದು ಕಂಟೇನರಿನದ್ದು. ಲ್ಯಾಪ್‌ಟಾಪಲ್ಲಿ ಮೊದ್ಲೇ ಒಂದು ಪೋಸ್ಟ್‌ಗ್ರೆಸ್ ಓಡ್ತಾ ಇದ್ರೆ 5432 ಖಾಲಿ ಇರೂದಿಲ್ಲ, ಆಗ ಎಡಗಡೆ 5433 ಮಾಡು, ಬಲಗಡೆ ಮುಟ್ಟಬೇಡ.

ಇದು ಸರಿ ಮಾಡಿದ ಮೇಲೆ ಪಾಸ್‌ವರ್ಡ್ ತಪ್ಪು ಅಂತ ಬಂದ್ರೆ ಅದಕ್ಕೂ ಕಾರಣ ಹೇಳಿಬಿಡ್ತೇನೆ. ಪೋಸ್ಟ್‌ಗ್ರೆಸ್ ಇಮೇಜ್ ನೀನು ಕೊಟ್ಟ ಪಾಸ್‌ವರ್ಡನ್ನ ಓದೂದು ಡೇಟಾ ಫೋಲ್ಡರ್ ಖಾಲಿ ಇದ್ದಾಗ, ಮೊದಲ ಸಲ ಮಾತ್ರ. ಆಮೇಲೆ ಕಂಪೋಸ್ ಫೈಲಲ್ಲಿ ಎಷ್ಟು ಬದಲಾಯಿಸಿದ್ರೂ ಒಳಗಿರೂದು ಹಳೇ ಪಾಸ್‌ವರ್ಡೇ. ಒಳಗೆ ಹೋಗಿ ಆಲ್ಟರ್ ಯೂಸರ್ ಅಂತ ಬದಲಾಯಿಸ್ಬೇಕು.

ಪ್ರಶ್ನೆ: ಕಂಟೇನರ್ ಅಳಿಸಿದ್ರೆ ಡೇಟಾ ಹೋಗ್ತದಾ? ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಯೂ ಮುಗಿದು ಬಂದ್ ಆದ್ರೆ ಏನಾಗ್ತದೆ? ನಮ್ಮದು ಹೋಮ್‌ಸ್ಟೇ ಬುಕ್ಕಿಂಗ್ ಆ್ಯಪ್, ಸಾವಿರದಷ್ಟು ಎಂಟ್ರಿ ಕೈಯಲ್ಲೇ ಹಾಕಿದ್ದು.
ಓದುಗರು, ಅಂಕೋಲಾ

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಥ್ಯಾಂಕ್ಸ್, ಏನೇ ಮಾಡೂ ಮೊದ್ಲು ಎಲ್ರೂ ಇದನ್ನ ಕೇಳ್ಕೊಳ್ಳಬೇಕು. ಕಂಟೇನರ್ ಒಳಗೆ ಬರೆದದ್ದು ಕಂಟೇನರ್ ಜತೆಗೇ ಹೋಗ್ತದೆ. ಅದರ ಹೊರಗೆ ಡಾಕರ್ ಬೇರೆಯಾಗಿ ಇಟ್ಕೊಳ್ಳೂ ಜಾಗಕ್ಕೆ ವಾಲ್ಯೂಮ್ ಅಂತಾರೆ, ಹೆಸರು ಕೊಟ್ಟ ವಾಲ್ಯೂಮಲ್ಲಿ ಬರೆದದ್ದು ಉಳೀತದೆ. ಹಾಗಾಗಿ ಪೋಸ್ಟ್‌ಗ್ರೆಸ್ಸಿನ ಡೇಟಾ ಫೋಲ್ಡರಿಗೆ ಹೆಸರಿರೂ ಒಂದು ವಾಲ್ಯೂಮ್ ಕಟ್ಟಲೇಬೇಕು. ಎಲ್ಲಿಗೆ ಕಟ್ಟಬೇಕು ಅನ್ನೂದೂ ಗಮನ ಇರ್ಲಿ, ಪೋಸ್ಟ್‌ಗ್ರೆಸ್ 17ರ ತನಕದ ಇಮೇಜಲ್ಲಿ ವಾರ್, ಲಿಬ್, ಪೋಸ್ಟ್‌ಗ್ರೆಸ್‌ಕ್ಯೂಎಲ್, ಅದರೊಳಗಿನ ಡೇಟಾ ಫೋಲ್ಡರಿಗೆ. 18ರಿಂದ ಅದನ್ನ ಬದಲಾಯಿಸಿದ್ದಾರೆ, ಡೇಟಾ ಬಿಟ್ಟು ಅದರ ಮೇಲಿನ ಪೋಸ್ಟ್‌ಗ್ರೆಸ್‌ಕ್ಯೂಎಲ್ ಫೋಲ್ಡರಿಗೇ ಕಟ್ಟಬೇಕು.

ಕಂಪೋಸ್ ಡೌನ್ ಅಂದ್ರೆ ಕಂಟೇನರ್ ಹೋಗ್ತದೆ, ವಾಲ್ಯೂಮ್ ಉಳೀತದೆ. ಅದೇ ಡೌನ್ ಆದ ಮೇಲೆ ಮೈನಸ್ ವಿ ಅಂತ ಎರಡು ಅಕ್ಷರ ಹಾಕಿದ್ರೆ ವಾಲ್ಯೂಮೂ ಹೋಗ್ತದೆ, ನಿಜವಾಗ್ಲೂ ಅಳಿಸಲಾ ಅಂತ ಒಂದು ಮಾತು ಕೇಳೂದಿಲ್ಲ. ನಾನು ಒಂದು ಸಲ ಏನೋ ಎರರ್ ಹೋಗ್ಲಿ ಅಂತ ಎಲ್ಲೋ ಓದಿದ ಕಮಾಂಡನ್ನ ಹಾಗೇ ಟೈಪ್ ಮಾಡಿ ಎಂಟರ್ ಒತ್ತಿದೆ. ಹತ್ತು ಹನ್ನೆರಡು ದಿನ ರಾತ್ರಿ ಕೂತು ಹಳೇ ವಹಿ ನೋಡಿ ನೋಡಿ ಹಾಕಿದ ತೋಟದ ಲೆಕ್ಕ, ಅಪ್ಪ ಪಕ್ಕದಲ್ಲಿ ಕೂತು ಓದಿ ಹೇಳಿದ್ದು, ಎಲ್ಲಾ ಹೋಯ್ತು. ಅಪ್ಪನಿಗೆ ಹೇಳೂಕೆ ಎರಡು ದಿನ ಬಾಯೇ ಬರ್ಲಿಲ್ಲ. ಅವರು ಏನೂ ಬೈಲಿಲ್ಲ, ಮತ್ತೆ ವಹಿ ತಗೊಂಡು ಬಂದು ಕೂತ್ರು. ನಿಮ್ಮ ಸಾವಿರ ಎಂಟ್ರಿಗೆ ಹಾಗಾಗೂದು ಬೇಡ.

ದಿನಾ ಸಂಜೆ ಡಿಬಿ ಕಂಟೇನರಲ್ಲಿ ಪಿಜಿ ಡಂಪ್ ಓಡಿಸಿ ಡೇಟಾಬೇಸಿನ ನಕಲು ಇರೂ ಒಂದು ಫೈಲ್ ತೆಗೆದಿಡಿ. ವಿಂಡೋಸ್ ಇದ್ರೆ ಇದನ್ನ ಪವರ್‌ಶೆಲಲ್ಲಿ ಮಾಡ್ಬೇಡಿ, ಅದರ ಹಳೇ ವರ್ಷನ್ ಫೈಲಿಗೆ ಬರೆಯೂವಾಗ ಎನ್‌ಕೋಡಿಂಗ್ ಬದಲಾಯಿಸಿಬಿಡ್ತದೆ, ಡಬ್ಲ್ಯುಎಸ್‌ಎಲ್ ಟರ್ಮಿನಲಲ್ಲೇ ಮಾಡಿ. ಮತ್ತೆ ತೆಗೆದಿಟ್ಟ ಫೈಲನ್ನ ಒಂದು ಸಲ ಬೇರೆ ಖಾಲಿ ಡೇಟಾಬೇಸಿಗೆ ತುಂಬಿಸಿ ನೋಡಿ, ಆ ಮೇಲೆ ನೆಮ್ಮದಿ.

ಕರೆಂಟಿನ ವಿಷಯಕ್ಕೆ ಅಷ್ಟು ಹೆದರಬೇಕಾದ್ದಿಲ್ಲ. ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನೂ ಮೊದ್ಲು ಒಂದು ಲಾಗಲ್ಲಿ ಬರೆದು ಆಮೇಲೆ ಟೇಬಲಿಗೆ ಬರೀತದೆ, ಮಧ್ಯೆ ಬಂದ್ ಆದ್ರೆ ಮುಂದಿನ ಸಲ ಏಳೂವಾಗ ಆ ಲಾಗ್ ಓದಿ ತನ್ನಷ್ಟಕ್ಕೆ ಸರಿ ಮಾಡ್ಕೊಳ್ತದೆ, ಕಮಿಟ್ ಆದದ್ದು ಉಳೀತದೆ. ಡಿಸ್ಕೇ ಹಾಳಾದ್ರೆ ಬೇರೆ ಮಾತು, ಅದಕ್ಕೇ ಆ ಡಂಪ್ ಫೈಲಿನ ಒಂದು ಕಾಪಿ ಬೇರೆ ಕಡೆ ಇರ್ಲಿ.

ಪ್ರಶ್ನೆ: ನಮ್ಮದು ಹೊನ್ನಾವರದಿಂದ ಒಳಗೆ, ಶರಾವತಿ ದಂಡೆ ಹಳ್ಳಿ. ಇಮೇಜ್ ಡೌನ್‌ಲೋಡ್ ಆಗೂಕೆ ಶುರುವಾಗ್ತದೆ, ಅರ್ಧದಲ್ಲಿ ನೆಟ್ ಹೋಗ್ತದೆ. ಪೆನ್‌ಡ್ರೈವಲ್ಲಿ ತರೂಕೆ ಆಗ್ತದಾ?
ಓದುಗರು, ಹೊನ್ನಾವರ ತಾಲೂಕು

ಉತ್ತರ: ಆಗ್ತದೆ, ಚೆನ್ನಾಗೇ ಆಗ್ತದೆ. ಪೇಟೆಯಲ್ಲಿ ನೆಟ್ ಇರೂ ಗೆಳೆಯರ ಲ್ಯಾಪ್‌ಟಾಪಲ್ಲಿ ಡಾಕರ್ ಪುಲ್ ಮಾಡಿ, ಆಮೇಲೆ ಡಾಕರ್ ಸೇವ್ ಅಂತ ಕೊಟ್ರೆ ಇಮೇಜ್ ಒಂದು ಟಾರ್ ಫೈಲ್ ಆಗಿ ಬರ್ತದೆ, ಮನೆಗೆ ತಂದು ಡಾಕರ್ ಲೋಡ್ ಕೊಡಿ, ನೆಟ್ ಬೇಡ. ಪೈಥಾನ್, ಪೋಸ್ಟ್‌ಗ್ರೆಸ್, ರೆಡಿಸ್ ಇಮೇಜ್ ಮಾತ್ರ ತಂದ್ರೆ ಸಾಲದು, ಮನೆಯಲ್ಲಿ ಬಿಲ್ಡ್ ಮಾಡೂವಾಗ ಪಿಪ್ ಮತ್ತೆ ನೆಟ್ ಕೇಳ್ತದೆ. ಹಾಗಾಗಿ ಪೇಟೆಯಲ್ಲೇ ನಿಮ್ಮ ಪ್ರಾಜೆಕ್ಟ್ ಬಿಲ್ಡ್ ಮಾಡಿ, ಬಿಲ್ಡ್ ಆದ ಆ ಇಮೇಜನ್ನೂ ಸೇವ್ ಮಾಡ್ಕೊಂಡು ಬನ್ನಿ. ಬೈಂಡ್ ಮೌಂಟ್ ಇದ್ರೆ ಹೊಸ ಲೈಬ್ರರಿ ಸೇರಿಸೂ ತನಕ ಅದೊಂದೇ ಇಮೇಜಲ್ಲಿ ಮಳೆಗಾಲ ಕಳೀಬಹುದು.

ಒಂದು ಎಚ್ಚರ. ಗೆಳೆಯರದ್ದು ಎಂ1, ಎಂ2 ಇರೂ ಹೊಸ ಮ್ಯಾಕ್ ಆಗಿದ್ರೆ ಅಲ್ಲಿ ಇಳಿಯೂದು ಆರ್ಮ್ ಅನ್ನೂ ಬೇರೆ ಜಾತಿ ಪ್ರೊಸೆಸರಿನ ಇಮೇಜ್, ನಿಮ್ಮ ಇಂಟೆಲ್ ಲ್ಯಾಪ್‌ಟಾಪಿಗೆ ತಂದ್ರೆ ಎಕ್ಸೆಕ್ ಫಾರ್ಮ್ಯಾಟ್ ಎರರ್ ಅಂತ ಬರ್ಬಹುದು. ಪುಲ್ ಮಾಡೂವಾಗ್ಲೂ ಬಿಲ್ಡ್ ಮಾಡೂವಾಗ್ಲೂ ಪ್ಲಾಟ್‌ಫಾರ್ಮ್ ಲಿನಕ್ಸ್ ಎಎಂಡಿ64 ಅಂತ ಹೇಳ್ಬೇಕು. ಮೂವತ್ತು ಕಿಲೋಮೀಟರ್ ಬಸ್ಸಲ್ಲಿ ಹೋಗಿ ಬಂದು ಇದಕ್ಕೆ ಮತ್ತೆ ತಿರುಗಿ ಹೋಗೂದು ಬೇಡ.

ಪ್ರಶ್ನೆ: ನನ್ನ ಲ್ಯಾಪ್‌ಟಾಪಲ್ಲಿ 8 ಜಿಬಿ ರ‍್ಯಾಮ್, ವಿಂಡೋಸ್. ಡಾಕರ್ ಎದ್ದ ಕೂಡ್ಲೇ ಫ್ಯಾನ್ ಕೂಗ್ತದೆ, ಬ್ರೌಸರ್ ಸಹಿತ ತೆರೆಯೂದಿಲ್ಲ. ಹೊಸ ಲ್ಯಾಪ್‌ಟಾಪ್ ತಗೊಳ್ಳೂ ಪರಿಸ್ಥಿತಿ ಈಗ ಇಲ್ಲ.
ಓದುಗರು, ಯಲ್ಲಾಪುರ

ಉತ್ತರ: ಹೊಸದು ಬೇಡ. ಯೂಸರ್ ಫೋಲ್ಡರಲ್ಲಿ ಡಾಟ್ ಡಬ್ಲ್ಯುಎಸ್‌ಎಲ್‌ಕಾನ್ಫಿಗ್ ಅಂತ ಒಂದು ಫೈಲ್ ಮಾಡಿ, ಅದರಲ್ಲಿ ಡಬ್ಲ್ಯುಎಸ್‌ಎಲ್2 ತಲೆಬರಹದ ಕೆಳಗೆ ಮೆಮೊರಿ 3 ಜಿಬಿ ಅಂತ ಮಿತಿ ಹಾಕಿ, ಆಮೇಲೆ ಡಬ್ಲ್ಯುಎಸ್‌ಎಲ್ ಶಟ್‌ಡೌನ್ ಕೊಟ್ಟು ಮತ್ತೆ ಎಬ್ಬಿಸಿ. ಕೆಲಸ ಮುಗಿದ ಮೇಲೂ ಇದೇ ಶಟ್‌ಡೌನ್ ಕೊಟ್ರೆ ಆ ಮೆಮೊರಿ ವಾಪಸ್ ಬರ್ತದೆ. ಡಿಸ್ಕ್ ತುಂಬಿದ್ರೆ ಡಾಕರ್ ಸಿಸ್ಟಮ್ ಡಿಎಫ್ ಅಂತ ಕೊಟ್ಟು ಎಲ್ಲಿ ಎಷ್ಟು ಹೋಗಿದೆ ನೋಡಿ, ಹಳೇ ಇಮೇಜ್ ಅಳಿಸಿ, ಆದ್ರೆ ಬಳಸದ್ದನ್ನೆಲ್ಲ ಒಟ್ಟಿಗೆ ಅಳಿಸೂ ಪ್ರೂನ್ ಕಮಾಂಡಿಗೆ ವಾಲ್ಯೂಮ್ಸ್ ಅಂತ ಸೇರಿಸೂ ಮೊದ್ಲು ಮೇಲೆ ಅಂಕೋಲಾದವರಿಗೆ ಬರೆದದ್ದು ಓದಿ.

ಇನ್ನೂ ಭಾರ ಅನ್ಸಿದ್ರೆ ಎಲ್ಲವನ್ನೂ ಕಂಟೇನರಲ್ಲೇ ಓಡಿಸ್ಬೇಕು ಅಂತ ಏನಿಲ್ಲ. ಪೋಸ್ಟ್‌ಗ್ರೆಸ್ ಮತ್ತೆ ರೆಡಿಸ್ ಎರಡನ್ನೇ ಕಂಪೋಸಲ್ಲಿ ಇಟ್ಟು ಜ್ಯಾಂಗೊವನ್ನ ಡಬ್ಲ್ಯುಎಸ್‌ಎಲ್ ಒಳಗೆ ಸಾದಾ ವರ್ಚುವಲ್ ಎನ್ವಿರಾನ್ಮೆಂಟಲ್ಲಿ ಓಡಿಸಿ, ನನಗೆ ಕೇಳಿದ್ರೆ ಒಬ್ಬರೇ ಕೆಲಸ ಮಾಡೂವಾಗ ಇದೇ ಹೆಚ್ಚು ಅನುಕೂಲ. ಡಾಕರ್ ಡೆಸ್ಕ್‌ಟಾಪ್ ಕೂಡ ಬಿಟ್ಟು ಡಬ್ಲ್ಯುಎಸ್‌ಎಲ್ ಒಳಗಿನ ಉಬುಂಟುವಿಗೇ ಡಾಕರ್ ಎಂಜಿನ್ ಹಾಕ್ಬಹುದು, ಇನ್ನಷ್ಟು ಹಗುರ.

ಪ್ರಶ್ನೆ: ಡಾಕರ್ ಕಲೀತಾ ಇದ್ದೇನೆ, ಕುಬರ್ನೆಟೀಸ್ ಕೂಡ ಈಗ್ಲೇ ಶುರು ಮಾಡ್ಲಾ?
ವಿದ್ಯಾರ್ಥಿ, ಭಟ್ಕಳ

ಉತ್ತರ: ಈಗ ಬೇಡ ತಮ್ಮ. ಅದು ಹತ್ತಾರು ಸರ್ವರಲ್ಲಿ ನೂರಾರು ಕಂಟೇನರ್ ನೋಡ್ಕೊಳ್ಳೂದಕ್ಕೆ ಇರೂದು, ನಿನ್ನದು ಒಂದು ಲ್ಯಾಪ್‌ಟಾಪ್. ಅದರ ಬದಲು ನಿನ್ನ ಕಾಲೇಜ್ ಪ್ರಾಜೆಕ್ಟನ್ನ ಬೇರೆಯವರ ಲ್ಯಾಪ್‌ಟಾಪಿಗೆ ಕ್ಲೋನ್ ಮಾಡಿಸು, ನೀನು ಪಕ್ಕದಲ್ಲಿ ಕೂತು ಬಾಯಿ ಮುಚ್ಕೊಂಡು ನೋಡ್ತಾ ಇರು. ಅವರು ಎಲ್ಲಿ ನಿಂತು ನಿನ್ನ ಮುಖ ನೋಡ್ತಾರೋ ಆ ಜಾಗ ನಿನ್ನ ಕಂಪೋಸ್ ಫೈಲಲ್ಲೋ ರೀಡ್‌ಮಿಯಲ್ಲೋ ಬರೆದಿಲ್ಲ ಅಂತಾಯ್ತು. ಅದನ್ನ ಬರಿ, ಮತ್ತೊಬ್ಬರ ಹತ್ರ ಮಾಡಿಸು. ನಿನ್ನ ಹತ್ರ ಏನೂ ಕೇಳದೆ ಒಬ್ಬರು ಆ್ಯಪ್ ಎಬ್ಬಿಸಿದ ದಿನ ನನಗೊಂದು ಪತ್ರ ಹಾಕು, ಮುಂದಿನದ್ದು ಆಗ ಮಾತಾಡೋಣ.